ಹಳೆಯ ಮನೆಯ ವೈರಿಂಗ್ ಬದಲಿಸುವಾಗಲೇ ನೆಟ್‌ವರ್ಕ್ ಕೇಬಲ್ ಹಾಕಿಸುವುದು: ಸಲಹೆ ಬೇಕಾಗಿದೆ

ಪ್ರಶ್ನೆ: ಪಿ.ಜೆ. ಬಡಾವಣೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1984ರಲ್ಲಿ ಕಟ್ಟಿಸಿದ ಮನೆಯ ವೈರಿಂಗ್ ಈಗ ಪೂರ್ತಿ ಸೋತಿದೆ. ಬರುವ ತಿಂಗಳು ಗೋಡೆ ಕೊರೆಸಿ, ಹಳೆಯ ಅಲ್ಯೂಮಿನಿಯಂ ತಂತಿಗಳನ್ನು ತೆಗೆಸಿ, ಮೇನ್ ಬೋರ್ಡಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಲಿದ್ದೇವೆ. ಕೆಳಗೆ ಪಡಸಾಲೆ, ಅಡುಗೆಮನೆ ಮತ್ತು ಎರಡು ಕೋಣೆಗಳಿವೆ. ಮಹಡಿಯಲ್ಲಿ ಇನ್ನೆರಡು ಕೋಣೆಗಳಿವೆ. ಇಂಟರ್‌ನೆಟ್ ರೂಟರ್ ಪಡಸಾಲೆಯಲ್ಲಿದೆ. ಮಹಡಿಯ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ನನ್ನ ಮಗಳು, ಮುಖ್ಯವಾದ ಮೀಟಿಂಗ್ ಇದ್ದಾಗಲೆಲ್ಲ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ; ಅಲ್ಲಿಗೆ ಮಾತ್ರ ವೈಫೈ ಸರಿಯಾಗಿ ಸಿಗುತ್ತದೆ.

ಹೇಗೂ ಗೋಡೆ ಕೊರೆಯುತ್ತಿರುವುದರಿಂದ ಪ್ರತಿ ಕೋಣೆಗೂ ನೆಟ್‌ವರ್ಕ್ ಕೇಬಲ್ ಹಾಕಿಸಬೇಕೆಂದಿದ್ದೇನೆ. ನಮ್ಮ ಎಲೆಕ್ಟ್ರಿಷಿಯನ್ ಒಳ್ಳೆಯ ಕೆಲಸಗಾರರು, ಆದರೆ ಕರೆಂಟಿನ ಪೈಪಿನಲ್ಲಿಯೇ ಇದನ್ನೂ ಎಳೆದರೆ ಸಾಕು, ಬೇರೆ ಪೈಪು ದಂಡ ಎನ್ನುತ್ತಿದ್ದಾರೆ. ಇದು ಸರಿಯೇ? ಯಾವ ಕೇಬಲ್ ಕೊಳ್ಳಬೇಕು, ಎಲ್ಲೆಲ್ಲಿ ಪಾಯಿಂಟ್ ಇಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಿದ್ಯಾನಗರ, ದಾವಣಗೆರೆ

ಸರ್, ದಯವಿಟ್ಟು ಒಂದೇ ಪೈಪಿನಲ್ಲಿ ಎಳೆಸಬೇಡಿ. ಇಷ್ಟೊಂದು ಗೋಡೆ ಕೊರೆಸುತ್ತಿರುವಾಗ ಇನ್ನೊಂದು ಪೈಪಿಗೆ ತಗಲುವ ಹೆಚ್ಚುವರಿ ಖರ್ಚು ತೀರ ಕಡಿಮೆ. ಪಕ್ಕದಲ್ಲಿ ಕರೆಂಟ್ ಹರಿದರೆ ಸಿಗ್ನಲ್ ಕೆಡುತ್ತದೆ ಎಂದು ಬಹಳ ಜನ ಕಾರಣ ಕೊಡುತ್ತಾರೆ. ಅದು ಸುಳ್ಳಲ್ಲ, ಆದರೆ ನೆಟ್‌ವರ್ಕ್ ಕೇಬಲಿನೊಳಗೆ ಜೋಡಿ ಜೋಡಿಯಾಗಿ ಹೆಣೆದ ತಂತಿಗಳು ಅಂತಹ ಗದ್ದಲವನ್ನು ಬಹುಮಟ್ಟಿಗೆ ತಾವೇ ಕಳೆದುಕೊಳ್ಳುತ್ತವೆ. ನಿಜವಾದ ಭಯ ಸುರಕ್ಷತೆಯದು. ಪೈಪಿನೊಳಗೆ ಎಲ್ಲಿಯಾದರೂ ಕರೆಂಟಿನ ತಂತಿಯ ಹೊದಿಕೆ ಸುಲಿದು ನೆಟ್‌ವರ್ಕ್ ಕೇಬಲಿಗೆ ತಾಗಿದರೆ, 230 ವೋಲ್ಟ್ ನೇರವಾಗಿ ನಿಮ್ಮ ಮಗಳ ಲ್ಯಾಪ್‌ಟಾಪಿನವರೆಗೆ ಬರಬಹುದು. ಆದ್ದರಿಂದ ಪೈಪೂ ಬೇರೆ ಇರಲಿ, ಗೋಡೆಯೊಳಗಿನ ಬಾಕ್ಸೂ ಬೇರೆ ಇರಲಿ. ಎರಡು ಪೈಪುಗಳ ನಡುವೆ ಸಾಧ್ಯವಾದಷ್ಟು ಅಂತರ ಬಿಡಿಸಿ. ಒಂದನ್ನೊಂದು ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಿಸಿ.

25 ಮಿಲಿಮೀಟರ್ ಪೈಪನ್ನೇ ಹಾಕಿಸಿ, ಅದರಲ್ಲಿ ಮೂರಕ್ಕಿಂತ ಹೆಚ್ಚು ಕೇಬಲ್ ತುರುಕಬೇಡಿ. ಮೂಲೆಯಲ್ಲಿ ಮೊಣಕೈಯಂತೆ ಥಟ್ಟನೆ ತಿರುಗುವ ಎಲ್ಬೋ ಬೇಡ, ನಿಧಾನವಾಗಿ ಬಾಗುವ ಬೆಂಡ್ ಕೇಳಿ ತನ್ನಿ. ಕ್ಯಾಟ್ 6 (ಇದು ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪವಿರುತ್ತದೆ; ಅದನ್ನು ಆ ದಪ್ಪದ ನಾಲ್ಕರಷ್ಟಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಪ್ರತಿ ಪೈಪಿನಲ್ಲಿಯೂ ಒಂದು ನೈಲಾನ್ ದಾರವನ್ನು ಬಿಟ್ಟಿರಿ, ಮುಂದೆ ಬೇರೆ ಕೇಬಲ್ ಎಳೆಯಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ.

ಕೇಬಲ್ ವಿಷಯದಲ್ಲಿ ಕ್ಯಾಟ್ 6 ಧಾರಾಳವಾಗಿ ಸಾಕು. 1 ಗಿಗಾಬಿಟ್ ವೇಗ ಅದರಲ್ಲಿ 100 ಮೀಟರ್ ದೂರ ಹೋಗುತ್ತದೆ, ಮನೆಯೊಳಗಿನ 20–30 ಮೀಟರ್ ಓಟಕ್ಕೆ 10 ಗಿಗಾಬಿಟ್ ಕೂಡ ನಡೆಯುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಕ್ಯಾಟ್ 6 ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟು, ಸಿಸಿಎ ಎಂಬ ಹೆಸರಿನಲ್ಲಿ ಅಗ್ಗವಾಗಿ ಮಾರುತ್ತಾರೆ. ಅಂಗಡಿಯಲ್ಲಿಯೇ ಒಂದು ತುಂಡು ಕತ್ತರಿಸಿ ಕೊಡಲು ಹೇಳಿ, ಒಂದು ಎಳೆಯನ್ನು ಸುಲಿದು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಕೆಂಪು ಹೋಗಿ ಬೆಳ್ಳಗೆ ಹೊಳೆದರೆ ಅದು ಸಿಸಿಎ. ಎಷ್ಟು ಕೆರೆದರೂ ಕೆಂಪಾಗಿಯೇ ಇದ್ದರೆ ತಾಮ್ರ. ಸಿಸಿಎ ಎಳೆ ನಾಲ್ಕು ಸಲ ಬಗ್ಗಿಸಿದರೆ ತುಂಡಾಗುತ್ತದೆ, ಮತ್ತು ಕೇಬಲಿನ ಮೂಲಕವೇ ಕ್ಯಾಮೆರಾಗಳಿಗೆ ವಿದ್ಯುತ್ ಕೊಡುವಾಗ ತಾಮ್ರಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಅಲ್ಯೂಮಿನಿಯಂ ತೆಗೆಸುತ್ತಿರುವ ಮನೆಗೆ ಮತ್ತೆ ಅಲ್ಯೂಮಿನಿಯಂ ತರುವುದು ಬೇಡ.

ಎಲ್ಲ ಕೇಬಲ್‌ಗಳೂ ಒಂದೇ ಜಾಗದಿಂದ ಹೊರಟು ಒಂದೊಂದು ಕೋಣೆಗೆ ನೇರವಾಗಿ ಹೋಗಬೇಕು. ಲೈಟಿನ ಹಾಗೆ ಒಂದು ಕೋಣೆಯಿಂದ ಮುಂದಿನ ಕೋಣೆಗೆ ಲೂಪ್ ಕೊಡಲು ಬರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಆ ಜಾಗವನ್ನು ಅಟ್ಟದ ಮೇಲೆ ಇಡಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಸೂರಿನ ಕೆಳಗಿನ ಅಟ್ಟ ಕಾದು, ರೂಟರ್ ಮತ್ತು ಈ ಕೇಬಲ್‌ಗಳನ್ನೆಲ್ಲ ಒಂದೆಡೆ ಕೂಡಿಸುವ ನೆಟ್‌ವರ್ಕ್ ಸ್ವಿಚ್ಚು ಬೇಗ ಹಾಳಾಗುತ್ತವೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಗಾಳಿಯಾಡುವ ಪೆಟ್ಟಿಗೆ ಇಡಿಸಿ, ಅಲ್ಲಿಗೆ ಇನ್ವರ್ಟರ್ ಲೈನಿನಿಂದ ಎರಡು ಪ್ಲಗ್ ಪಾಯಿಂಟ್ ಕೊಡಿಸಿ. ಕರೆಂಟ್ ಹೋದಾಗಲೂ ಇಂಟರ್‌ನೆಟ್ ಇರುತ್ತದೆ. ಹೊರಗಿನ ಕಂಬದಿಂದ ಫೈಬರ್ ಬರಲು ಆ ಪೆಟ್ಟಿಗೆಗೆ ಒಂದು ಖಾಲಿ ಪೈಪನ್ನೂ ಬಿಡಿಸಿ. ಟಿವಿ ಇರುವಲ್ಲಿ ಮತ್ತು ಕೆಲಸದ ಮೇಜಿರುವಲ್ಲಿ ಎರಡೆರಡು, ಉಳಿದ ಕೋಣೆಗಳಲ್ಲಿ ಒಂದೊಂದು ಪಾಯಿಂಟ್ ಸಾಕಾಗುತ್ತದೆ. ಮಹಡಿಯ ನಡುವಿನ ಸೂರಿಗೆ ಮಾತ್ರ ಒಂದನ್ನು ತಪ್ಪದೆ ಕೊಡಿಸಿ. ಅಲ್ಲಿ ವೈಫೈ ಪೆಟ್ಟಿಗೆ ಕೂತರೆ ಮಗಳು ಮೆಟ್ಟಿಲಿಗೆ ಬರಬೇಕಾಗಿಲ್ಲ.

ಉತ್ತರ 2: ಚಿತ್ರದುರ್ಗ

ಮೇಲಿನವರು ಹೇಳಿದ್ದೆಲ್ಲವೂ ಸರಿಯಾಗಿದೆ. ಕಲ್ಲಿನ ಗೋಡೆಯವರಿಗಾಗಿ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮದು ಕೋಟೆಯ ಕಡೆಯ ಹಳೆಯ ಮಾಳಿಗೆ ಮನೆ. ಗೋಡೆ ಒಂದೂವರೆ ಅಡಿ ದಪ್ಪ, ಒಳಗೆಲ್ಲ ಕಲ್ಲು ಮತ್ತು ಮಣ್ಣು. ಕಟಿಂಗ್ ಮಷಿನ್ ಹಿಡಿದ ಮೊದಲ ದಿನವೇ ಗಾರೆ ಉದುರಿ ಕಲ್ಲು ಸಡಿಲವಾಗತೊಡಗಿದ್ದರಿಂದ ಕೊರೆಯುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಕೊನೆಗೆ ತೊಲೆಗಳು ಗೋಡೆಗೆ ಕೂಡುವ ಅಂಚಿನಲ್ಲಿ ಪಟ್ಟಿ ಹೊಡೆಸಿ, ಅದಕ್ಕೆ ತೊಲೆಯ ಬಣ್ಣವನ್ನೇ ಬಳಿಸಿ, ಕೇಬಲ್‌ಗಳನ್ನು ಅದರೊಳಗೆ ಕೂರಿಸಿದೆವು. ಕಣ್ಣಿಗೆ ಬೀಳುವುದೇ ಇಲ್ಲ. ಜಂತೆಗಳ ಸಂದಿಯಲ್ಲಿ ಇಲಿ ಓಡಾಡುವ ಮನೆಯಾದರೆ ಬಿಡಿ ಕೇಬಲನ್ನು ಅಲ್ಲಿ ಹಾಯಿಸಲೇಬೇಡಿ, ಪೈಪಿನೊಳಗೇ ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮದು ಇಟ್ಟಿಗೆಯ ಗೋಡೆಯಾದ್ದರಿಂದ ಕೊರೆಯಲು ತೊಂದರೆಯಿಲ್ಲ. ಬೇರೆ ಪೈಪಿನ ಕಾರಣವನ್ನು ವಿವರಿಸಿದ ಮೇಲೆ ಎಲೆಕ್ಟ್ರಿಷಿಯನ್ ಕೂಡ ಒಪ್ಪಿದ್ದಾರೆ. ಕೇಬಲಿನ ತುದಿ ಕಟ್ಟುವುದನ್ನು ತಾವೇ ಮಾಡುವುದಾಗಿ ಹೇಳುತ್ತಿದ್ದಾರೆ. ಅದು ಸರಿಯಾಗಿದೆಯೇ ಎಂದು ನಾನು ಹೇಗೆ ತಿಳಿಯಬೇಕು?

ಉತ್ತರ 3: ನಿಟ್ಟುವಳ್ಳಿ, ದಾವಣಗೆರೆ

ಈ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಪೆಟ್ಟು ತಿಂದದ್ದು ಇಲ್ಲಿಯೇ. ನಮ್ಮ ಮನೆಯಲ್ಲಿ ಪ್ಲಾಸ್ಟರ್, ಬಣ್ಣ ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ಜೋಡಿಸಿ ನೋಡಿದರೆ, ಒಂದು ಕೋಣೆಯಲ್ಲಿ ಮಾತ್ರ ವೇಗ 100 ಮೆಗಾಬಿಟ್‌ಗೆ ನಿಂತಿತ್ತು. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು; ಆದ್ದರಿಂದ ಉಳಿದೆರಡು ಜೋಡಿಗಳಲ್ಲಿ, ಅಂದರೆ ನೀಲಿ ಅಥವಾ ಕಂದು ಜೋಡಿಯಲ್ಲಿ, ಒಂದು ಎಳೆ ತುಂಡಾದರೆ ನೆಟ್ ನಿಲ್ಲುವುದಿಲ್ಲ, ವೇಗ ಮಾತ್ರ ಕುಸಿಯುತ್ತದೆ. ಗೋಡೆ ಮುಚ್ಚುವಾಗ ಪೈಪು ಹಿಡಿದು ನಿಲ್ಲಲೆಂದು ಹೊಡೆದ ಮೊಳೆಯೊಂದು ಕೇಬಲಿಗೆ ನಾಟಿತ್ತು. ಬಣ್ಣ ಬಳಿದ ಗೋಡೆಯನ್ನು ಮತ್ತೆ ಒಡೆಯಬೇಕಾಯಿತು.

ಗಾರೆಯವರು ಗೋಡೆ ಮುಚ್ಚುವ ಮೊದಲು ಒಮ್ಮೆ, ಮುಚ್ಚಿದ ಮೇಲೆ ಬಣ್ಣಕ್ಕೆ ಮೊದಲು ಇನ್ನೊಮ್ಮೆ ಪ್ರತಿ ಕೇಬಲನ್ನೂ ಪರೀಕ್ಷಿಸಿರಿ. ಎಂಟು ದೀಪ ಸರದಿಯಂತೆ ಹೊತ್ತುವ ಸಣ್ಣ ಟೆಸ್ಟರ್ ತುಂಡಾದ ಎಳೆಯನ್ನೂ ಅದಲುಬದಲಾದ ಎಳೆಯನ್ನೂ ತೋರಿಸುತ್ತದೆ. ಆದರೆ ಎರಡೂ ತುದಿಯಲ್ಲಿ ಒಂದೇ ರೀತಿ ತಪ್ಪು ಜೋಡಿಸಿದ್ದರೆ ಎಂಟೂ ದೀಪಗಳು ಸರಿಯಾಗಿಯೇ ಹೊತ್ತುತ್ತವೆ. ಒಂದು ಜೋಡಿಯ ಎಳೆ ಇನ್ನೊಂದು ಜೋಡಿಯ ಜೊತೆ ಸೇರಿ ಹೆಣಿಗೆಯ ಪ್ರಯೋಜನ ಹೋಗಿರುತ್ತದೆ. ಹಾಗಾಗಿ ಬಣ್ಣದ ಸಾಲನ್ನು ಕಾಗದದಲ್ಲಿ ಬರೆದು ಎಲೆಕ್ಟ್ರಿಷಿಯನ್ ಕೈಗೆ ಕೊಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಕ್ರಮ, ಎರಡೂ ತುದಿಗೆ ಇದೇ ಇರಲಿ. ಹಸಿರಿನ ಎರಡು ಎಳೆಗಳ ನಡುವೆ ನೀಲಿ ಜೋಡಿ ಬರುವುದನ್ನು ಕಂಡು, ಅದು ತಪ್ಪೆಂದುಕೊಂಡು ಅಕ್ಕಪಕ್ಕ ಮಾಡಿಬಿಡುವುದೇ ಸಾಮಾನ್ಯವಾಗಿ ಆಗುವ ತಪ್ಪು. ಗೋಡೆಯ ಸಾಕೆಟ್ಟಿಗೆ ತಂತಿ ಕೂರಿಸುವಾಗ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಸ್ಕ್ರೂಡ್ರೈವರಿನಿಂದ ಒತ್ತದೆ, ಅದಕ್ಕೆಂದೇ ಇರುವ ಪಂಚಿಂಗ್ ಟೂಲಿನಿಂದ ಒತ್ತಬೇಕು.

ಕಡೆಯದಾಗಿ, ಗೋಡೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಪಕ್ಕ ಅಳತೆಯ ಟೇಪ್ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಮೊದಲು ಆ ಚಿತ್ರ ನೋಡಿಕೊಳ್ಳಬಹುದು.