ಇಂಟರ್‌ವ್ಯೂನಲ್ಲಿ ಕೇಳುವುದೇ ಒಂದು, ಕೆಲಸದಲ್ಲಿ ಮಾಡುವುದೇ ಇನ್ನೊಂದು. ಯಾಕೆ ಹೀಗೆ?

ಹಳೇಕೋಡು:
11 ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ಹೋದ ವಾರ ಒಂದು ಕಂಪನಿಯ ಇಂಟರ್‌ವ್ಯೂ ಇತ್ತು. 40 ನಿಮಿಷಕ್ಕೆ ಎರಡು ಪ್ರಶ್ನೆ, ಒಂದು ಡೈನಮಿಕ್ ಪ್ರೋಗ್ರಾಮಿಂಗ್ (ದೊಡ್ಡ ಸಮಸ್ಯೆಯನ್ನು ಚಿಕ್ಕದಾಗಿ ಒಡೆದು, ಸಿಕ್ಕ ಉತ್ತರಗಳನ್ನು ಮತ್ತೆ ಬಳಸಿ ಬಿಡಿಸುವುದು), ಇನ್ನೊಂದು ಗ್ರಾಫ್ (ಬಿಂದುಗಳು ಮತ್ತು ಅವುಗಳ ನಡುವಿನ ಕೊಂಡಿಗಳ ಸಮಸ್ಯೆ). ಮೊದಲನೆಯದು ಅರ್ಧಕ್ಕೆ ನಿಂತಿತು, ಎರಡನೆಯದನ್ನು ಮುಟ್ಟಲೂ ಆಗಲಿಲ್ಲ. ಅದೇ ರಾತ್ರಿ ಈಗಿನ ಕೆಲಸದಲ್ಲಿ, ಒಂದು ಪುಟ ತೆರೆಯಲು 9 ಸೆಕೆಂಡ್ ಯಾಕೆ ಬೇಕು ಅಂತ ಹುಡುಕುತ್ತಾ ಕೂತಿದ್ದೆ. ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಒಳಗಿಂದ ಒಂದೊಂದು ಸಾಲಿಗೂ ಡೇಟಾಬೇಸ್‌ಗೆ ಬೇರೆ ಬೇರೆ ಕ್ವೆರಿ, ಅಂದರೆ ಮಾಹಿತಿ ಕೇಳುವ ಕೋರಿಕೆ, ಹೋಗುತ್ತಿತ್ತು. ಆ ಕೋಡ್ ಬರೆದವರು ಕೆಲಸ ಬಿಟ್ಟು ಮೂರು ವರ್ಷವಾಗಿದೆ. ಅವರು ಯಾಕೆ ಹಾಗೆ ಬರೆದಿದ್ದರು ಅಂತ ಕಮಿಟ್ ಹಿಸ್ಟರಿ (ಕೋಡ್ ಬದಲಾವಣೆಗಳ ದಾಖಲೆ) ಓದಿ ತಿಳಿದುಕೊಂಡು, ಬೇರೆ ಯಾವುದೂ ಕೆಡದ ಹಾಗೆ ಅದನ್ನು ಒಂದೇ ಕ್ವೆರಿ ಮಾಡಿದೆ. ನನ್ನ ಕೆಲಸ ಅಂದರೆ ಇದು. ಇದರಲ್ಲಿ ಒಂದನ್ನೂ ಅವರು ಕೇಳಲಿಲ್ಲ. ತುಂಬಾ ಬೇಜಾರಾಗಿದೆ.

ಪ್ರಶ್ನೆಪೆಟ್ಟಿಗೆ:
ನಾನು ಮೇಜಿನ ಆ ಕಡೆ ಕೂರುವವನು ಸರ್. ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಒಂದು ಜಾಗಕ್ಕೆ ನೂರಾರು ಅರ್ಜಿ ಬಂದಾಗ ಏನು ಮಾಡೋದು ಹೇಳಿ? 2007ರಲ್ಲೇ ಫಿಜ್‌ಬಜ್ ಎಂಬ ಸುಲಭದ ಇಂಟರ್‌ವ್ಯೂ ಪ್ರಶ್ನೆಯ ಬಗ್ಗೆ ದೊಡ್ಡ ಚರ್ಚೆಯಾಗಿತ್ತು. 1ರಿಂದ 100ರವರೆಗೆ ಎಣಿಸಬೇಕು, 3ರಿಂದ ಭಾಗವಾದರೆ ಫಿಜ್, 5ರಿಂದ ಆದರೆ ಬಜ್, ಎರಡರಿಂದಲೂ ಆದರೆ ಫಿಜ್‌ಬಜ್. ಅಷ್ಟೇ. ರೆಸ್ಯೂಮೆಯಲ್ಲಿ ಎಲ್ಲ ಚೆನ್ನಾಗಿದ್ದು ಇದನ್ನೂ ಬರೆಯಲಾಗದವರನ್ನು ನಾನೇ ನೋಡಿದ್ದೇನೆ. ತಪ್ಪಾದವರನ್ನು ತೆಗೆದುಕೊಂಡರೆ ಇಡೀ ತಂಡ ತಿಂಗಳುಗಟ್ಟಲೆ ಕಷ್ಟಪಡುತ್ತದೆ. ಅದಕ್ಕೇ ಒಳ್ಳೆಯವರೊಬ್ಬರು ಕೈತಪ್ಪಿದರೂ ಪರವಾಗಿಲ್ಲ ಅಂತ ಕಂಪನಿಗಳು ಜರಡಿಯನ್ನು ಬಿಗಿ ಮಾಡುತ್ತವೆ.

ಸೆಮಿಕೋಲನ್:
ಫಿಜ್‌ಬಜ್ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ಅಲ್ಲಿಂದ ಕಷ್ಟದ ಡೈನಮಿಕ್ ಪ್ರೋಗ್ರಾಮಿಂಗ್‌ಗೆ ಹಾರಿದ್ದೇ ತೊಂದರೆ. ಹೋಮ್‌ಬ್ರೂ (ಮ್ಯಾಕ್‌ನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ಬಳಸುವ ಸಾಧನ) ಬರೆದ ಮ್ಯಾಕ್ಸ್ ಹೋವೆಲ್ ಅವರನ್ನು 2015ರಲ್ಲಿ ಗೂಗಲ್ ತೆಗೆದುಕೊಳ್ಳಲಿಲ್ಲ. ಬೋರ್ಡ್ ಮೇಲೆ ಬೈನರಿ ಟ್ರೀ (ಎರಡೆರಡು ಕವಲಾಗಿ ಮಾಹಿತಿ ಇಡುವ ರಚನೆ) ಎಡಬಲ ತಿರುಗಿಸಲಾಗಲಿಲ್ಲ ಎಂಬ ಕಾರಣಕ್ಕೆ ಅಂತ ಅವರೇ ಟ್ವಿಟರ್‌ನಲ್ಲಿ ಬರೆದುಕೊಂಡರು. ಅವರು ಬರೆದ ಸಾಫ್ಟ್‌ವೇರ್ ಅನ್ನು ಲೆಕ್ಕವಿಲ್ಲದಷ್ಟು ಪ್ರೋಗ್ರಾಮರ್‌ಗಳು ದಿನಾ ಬಳಸುತ್ತಾರೆ.

ಬಗ್‌ಬೇಟೆ:
ಎಲ್ಲರೂ ಹೋಮ್‌ಬ್ರೂ ಕಥೆಯನ್ನೇ ಹೇಳುತ್ತಾರೆ. ನಾನು ಇನ್ನೊಂದು ಹೇಳುತ್ತೇನೆ. ಜಿಟಿಎ ಆನ್‌ಲೈನ್ ಆಟ ಶುರುವಾಗಲು ಎಷ್ಟೋ ವರ್ಷ ನಿಮಿಷಗಟ್ಟಲೆ ಕಾಯಬೇಕಿತ್ತು. 2021ರಲ್ಲಿ ಹೊರಗಿನ ಒಬ್ಬ ಆಟಗಾರ ಕಾರಣ ಹಿಡಿದ. ಸುಮಾರು 10 ಎಂಬಿಯ ಒಂದು ಜೇಸನ್ ಫೈಲ್ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಫೈಲ್), ಅದರಲ್ಲಿ 63,000 ಐಟಂ. ಒಂದೊಂದು ಐಟಂ ಸೇರಿಸುವಾಗಲೂ ಅದು ಮೊದಲೇ ಇದೆಯಾ ಅಂತ ಹಿಂದಿನದನ್ನೆಲ್ಲ ಒಂದೊಂದಾಗಿ ನೋಡುತ್ತಿತ್ತು. ಸಾಲದು ಅಂತ, ಫೈಲ್‌ನಿಂದ ಒಂದು ತುಣುಕು ಓದಿದಾಗಲೆಲ್ಲ ಉಳಿದ ಇಡೀ ಪಠ್ಯದ ಉದ್ದವನ್ನು ಮತ್ತೆ ಅಳೆಯುತ್ತಿತ್ತು. ಇವೆರಡನ್ನೂ ಸರಿ ಮಾಡಿದ ಮೇಲೆ ಅವನ ಕಂಪ್ಯೂಟರಿನಲ್ಲಿ ಕಾಯುವ ಸಮಯ ಸುಮಾರು 70% ಕಡಿಮೆಯಾಯಿತು. ಹ್ಯಾಶ್ ಟೇಬಲ್ (ಎಲ್ಲವನ್ನೂ ನೋಡದೆ ಬೇಕಾದ್ದನ್ನು ಥಟ್ಟನೆ ಹುಡುಕುವ ರಚನೆ) ಯಾವಾಗ ಬೇಕು ಅನ್ನುವುದು ಪಠ್ಯಪುಸ್ತಕದ ಪ್ರಶ್ನೆ, ಅದೇ ಇಲ್ಲಿ ಲಕ್ಷಾಂತರ ಜನರ ಸಮಯ ತಿಂದಿತ್ತು. ಹಾಗಾಗಿ ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಗಳ ವಿಧಾನ) ಕೇಳುವುದೇ ದಂಡ ಅನ್ನಬೇಡಿ.

ಹಳೇಕೋಡು:
@ಬಗ್‌ಬೇಟೆ, ಒಳ್ಳೆಯ ಉದಾಹರಣೆ ಕೊಟ್ಟಿರಿ. ಆದರೆ ಅದನ್ನೇ ಇನ್ನೊಮ್ಮೆ ನೋಡಿ. ಆ ಹುಡುಗನಿಗೆ ಯಾರೂ ಪ್ರಶ್ನೆ ಬರೆದು ಕೊಟ್ಟಿರಲಿಲ್ಲ. ಅವನ ಹತ್ತಿರ ಆಟದ ಸೋರ್ಸ್ ಕೋಡ್ (ಮೂಲ ಕೋಡ್) ಕೂಡ ಇರಲಿಲ್ಲ. ಪ್ರೊಫೈಲರ್ (ಪ್ರೋಗ್ರಾಂನ ಸಮಯ ಅಳೆಯುವ ಸಾಧನ) ಹಾಕಿ, ಸಮಯ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ, ತೊಂದರೆ ಇರುವುದು ಇಲ್ಲೇ ಅಂತ ತೋರಿಸಿದ. ಅದು ಗೊತ್ತಾದ ಮೇಲೆ ಹ್ಯಾಶ್ ಟೇಬಲ್ ಹಾಕೋದು ಸುಲಭದ ಭಾಗ. ಇಂಟರ್‌ವ್ಯೂನಲ್ಲಿ ಕಷ್ಟದ ಭಾಗವನ್ನು ಅವರೇ ಮಾಡಿಟ್ಟು, ಉಳಿದದ್ದನ್ನು ನಮಗೆ ಕೊಡುತ್ತಾರೆ. ನಾನು ಹೇಳುತ್ತಿರುವುದು ಇಷ್ಟೇ.

ಬಗ್‌ಬೇಟೆ:
ಹೌದು, ಇದನ್ನು ಒಪ್ಪಲೇಬೇಕು.

ಮೊದಲಕೆಲಸ:
ನನ್ನದು ಬೇರೆ ಅನುಭವ, ಹೇಳಲೇಬೇಕು. ನನ್ನ ಕಾಲೇಜಿನ ಹೆಸರು ಯಾರೂ ಕೇಳಿರಲಿಲ್ಲ. ಪರಿಚಯದವರಿಲ್ಲ, ತೋರಿಸಲು ಪ್ರಾಜೆಕ್ಟ್ ಇಲ್ಲ. ನಾಲ್ಕು ತಿಂಗಳು ದಿನಾ ಲೀಟ್‌ಕೋಡ್ (ಇಂಟರ್‌ವ್ಯೂ ಪ್ರಶ್ನೆಗಳ ಅಭ್ಯಾಸದ ವೆಬ್‌ಸೈಟ್) ಮಾಡಿದೆ, ಕೆಲಸ ಸಿಕ್ಕಿತು. ಅಲ್ಲಿ ಕಲಿತದ್ದು ಕೆಲಸದಲ್ಲಿ ಜಾಸ್ತಿ ಬಳಕೆಯಾಗಿಲ್ಲ ನಿಜ. ಆದರೆ ಎಲ್ಲರಿಗೂ ಒಂದೇ ಪ್ರಶ್ನೆ ಇದ್ದದ್ದಕ್ಕೆ ನನಗೂ ಬಾಗಿಲು ತೆರೆಯಿತು. ದಯವಿಟ್ಟು ಅದನ್ನು ಮುಚ್ಚಬೇಡಿ. ಮನೆಗೆ ಕೊಡುವ ಅಸೈನ್‌ಮೆಂಟ್ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಮನೆಯಲ್ಲಿ ಚಿಕ್ಕ ಮಗು ಇರುವ ನನ್ನ ಅಕ್ಕನಂಥವರು ಎರಡು ದಿನ ಅದಕ್ಕೆ ಎಲ್ಲಿಂದ ತರಬೇಕು?

ಸೆಮಿಕೋಲನ್:
ನಿಮ್ಮ ಮಾತು ನ್ಯಾಯವಾದದ್ದು. ಆದರೆ ಒಂದೇ ಪ್ರಶ್ನೆ ಇದ್ದರೂ ಪರೀಕ್ಷೆ ಎಲ್ಲರಿಗೂ ಒಂದೇ ಆಗಿರುವುದಿಲ್ಲ. 2020ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನವರು 48 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಅರ್ಧ ಜನ ಪರೀಕ್ಷಕರ ಎದುರು ಮಾತಾಡುತ್ತಾ ವೈಟ್‌ಬೋರ್ಡ್ ಮೇಲೆ ಬಿಡಿಸಬೇಕು, ಉಳಿದವರು ಅದನ್ನೇ ಒಬ್ಬರೇ ಕೂತು ಮಾಡಬೇಕು. ಎದುರಿಗೆ ಯಾರೋ ನೋಡುತ್ತಿದ್ದವರ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಒಬ್ಬರೇ ಕೂತ ಹೆಂಗಸರೆಲ್ಲರೂ ಬಿಡಿಸಿದರು, ಎದುರಿಗೆ ಬಿಡಿಸಬೇಕಾದ ಹೆಂಗಸರಲ್ಲಿ ಒಬ್ಬರಿಗೂ ಆಗಲಿಲ್ಲ. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೂ ಓದಿದಾಗ ಸಂಕಟವಾಯಿತು. ನಾವು ಅಳೆಯುತ್ತಿರುವುದು ಕೋಡ್ ಅನ್ನೋ, ಗಾಬರಿಯನ್ನೋ?

ಪ್ರಶ್ನೆಪೆಟ್ಟಿಗೆ:
ಇದು ನನಗೆ ಗೊತ್ತಿರಲಿಲ್ಲ. ನನ್ನ ಎದುರು ಮಾತು ನಿಲ್ಲಿಸಿ ಸುಮ್ಮನಾದವರನ್ನೆಲ್ಲ 'ಯೋಚನೆ ಸ್ಪಷ್ಟವಿಲ್ಲ' ಅಂತ ಬರೆದು ಕಳಿಸಿದ್ದೇನೆ. ಅವರಲ್ಲಿ ಎಷ್ಟು ಜನ ಒಬ್ಬರೇ ಇದ್ದಿದ್ದರೆ ಬಿಡಿಸುತ್ತಿದ್ದರೋ ಏನೋ. @ಹಳೇಕೋಡು, ನೀವಾಗಿದ್ದರೆ ಏನು ಕೇಳುತ್ತಿದ್ದಿರಿ? ನಿಜವಾಗಿಯೂ ಕೇಳುತ್ತಿದ್ದೇನೆ, ಮುಂದಿನ ವಾರ ನನಗೆ ನಾಲ್ಕು ಇಂಟರ್‌ವ್ಯೂ ಇವೆ.

ಹಳೇಕೋಡು:
ಮುನ್ನೂರು ಸಾಲಿನ ಒಂದು ಚಿಕ್ಕ ಪ್ರೋಗ್ರಾಂ ಕೊಡಿ. ಒಂದು ಟೆಸ್ಟ್ (ಕೋಡ್ ಸರಿಯಿದೆಯಾ ಅಂತ ನೋಡುವ ತಪಾಸಣೆ) ಫೇಲ್ ಆಗುತ್ತಿರಲಿ, ಒಂದು ಜಾಗ ನಿಧಾನವಿರಲಿ. ನಿಧಾನದ ಜಾಗ ಯಾವುದು ಅಂತ ಹೇಳಬೇಡಿ. ಅರ್ಧ ಗಂಟೆ ರೂಮ್ ಬಿಟ್ಟು ಹೊರಗಿರಿ. ಆಮೇಲೆ ಬಂದು ಏನು ಮಾಡಿದಿರಿ, ಯಾಕೆ ಅಂತ ಕೂತು ಮಾತಾಡಿ. ಎಲ್ಲರಿಗೂ ಅದೇ ಕೋಡ್, ಅದೇ ಅಂಕಪಟ್ಟಿ ಇರಲಿ, ಆಗ @ಮೊದಲಕೆಲಸ ಅವರು ಹೇಳಿದ ಬಾಗಿಲೂ ತೆರೆದೇ ಇರುತ್ತದೆ. ಮನೆಗೆ ಹೊತ್ತುಕೊಂಡು ಹೋಗುವುದೂ ಇಲ್ಲ.

ಮೊದಲಕೆಲಸ:
ಹೀಗಾದರೆ ನನ್ನ ತಕರಾರಿಲ್ಲ. ಆದರೆ ಹೊಸಬರಿಗೆ ಆ ಪ್ರೋಗ್ರಾಮಿಂಗ್ ಭಾಷೆ ಬರದೇ ಇದ್ದರೆ? ಅದೇ ಪ್ರೋಗ್ರಾಂ ಎರಡು ಮೂರು ಭಾಷೆಯಲ್ಲಿ ಇಟ್ಟಿರಿ.

ಪ್ರಶ್ನೆಪೆಟ್ಟಿಗೆ:
ಸರಿ, ಈ ಶನಿವಾರ ಕೂತು ಪೈಥಾನ್, ಜಾವಾ ಎರಡರಲ್ಲೂ ಬರೆಯುತ್ತೇನೆ. ಇನ್ನೊಂದೇ ಅನುಮಾನ. ನಾನು ಹೊರಗಿರುವಾಗ ಇಂಟರ್‌ನೆಟ್ ನೋಡಲು ಬಿಡಬೇಕಾ?

ಹಳೇಕೋಡು:
ಬಿಡಿ. ವಾಪಸ್ ಬಂದ ಮೇಲೆ ಏನೇನು ಹುಡುಕಿದರು ಅಂತ ಕೇಳಿ.