ಭಾವ, ಡ್ಯಾಶ್‌ಬೋರ್ಡ್ ಬಿಚ್ಚಿಸೋ ಮುಂಚೆ ಇದನ್ನ ಕೇಳಿ

ಭಾವ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದೀನಿ, ಸ್ವಲ್ಪ ಉದ್ದ ಇದೆ. ನೀವು ಬೆಳಗ್ಗೆ ಹಾಕಿದ್ದು ಇಷ್ಟು: ಹೋದ ತಿಂಗಳು ರೇಡಿಯೇಟರ್ ಹೋಸ್ ಬದಲಾಯಿಸಿದ ಮೇಲೆ ಹೀಟರಲ್ಲಿ ತಣ್ಣನೆ ಗಾಳಿ, ಆಕ್ಸಿಲರೇಟರ್ ಒತ್ತಿದ್ರೆ ಒಂಚೂರು ಬೆಚ್ಚಗೆ, ಸಿಗ್ನಲ್‌ನಲ್ಲಿ ನಿಂತ್ರೆ ಮತ್ತೆ ತಣ್ಣಗೆ. ಗ್ಯಾರೇಜಿನವರು ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ ಹಾಕ್ಬೇಕು ಅಂದಿದಾರೆ. ದಯವಿಟ್ಟು ಈಗಲೇ ಒಪ್ಕೋಬೇಡಿ. ಈ ಲಕ್ಷಣಕ್ಕೆ ಮೊದಲು ಅನುಮಾನ ಪಡ್ಬೇಕಾದ್ದು ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಕಮ್ಮಿಯಾಗಿ ಒಳಗೆ ಗಾಳಿ ಕೂತಿದೆ ಅಂತ.

ಯಾಕೆ ಅಂದ್ರೆ, ಕಾರ್ ಹೀಟರಿಗೆ ಅಂತ ಬೇರೆ ಬೆಂಕಿ ಇಲ್ಲ. ಎಂಜಿನ್ ಬಿಸಿ ಮಾಡಿದ ಕೂಲೆಂಟೇ ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ರೇಡಿಯೇಟರ್ ಒಳಗೆ ಸುತ್ತಾಡತ್ತೆ, ಬ್ಲೋವರ್ ಅದರ ಮೇಲೆ ಗಾಳಿ ಊದತ್ತೆ, ಅಷ್ಟೇ. ಆ ಪುಟ್ಟ ರೇಡಿಯೇಟರೇ ಹೀಟರ್ ಕೋರ್. ಅದು ಸ್ವಲ್ಪ ಎತ್ತರದಲ್ಲಿ ಇರೋದ್ರಿಂದ ಗಾಳಿ ಗುಳ್ಳೆ ಹೋಗಿ ಅಲ್ಲೇ ಕೂರತ್ತೆ. ಆಕ್ಸಿಲರೇಟರ್ ಒತ್ತಿದಾಗ ವಾಟರ್ ಪಂಪ್ ಜೋರಾಗಿ ತಿರುಗಿ ಕೂಲೆಂಟನ್ನ ಹೇಗೋ ಮೇಲೆ ತಳ್ಳತ್ತೆ. ಪಂಪ್ ನಿಧಾನ ಆದ ಕೂಡ್ಲೇ ಗುಳ್ಳೆ ಮತ್ತೆ ಅಡ್ಡ ಕೂರತ್ತೆ. ಗಾಡಿ ಸ್ಟಾರ್ಟ್ ಮಾಡಿದಾಗ ಗ್ಲೋವ್‌ಬಾಕ್ಸ್ ಕಡೆಯಿಂದ ಗುಳುಗುಳು ಅಂತ ನೀರು ಹರಿಯೋ ಸದ್ದು ಬಂದ್ರಂತೂ ಅನುಮಾನವೇ ಬೇಡ.

ನಾಳೆ ಬೆಳಗ್ಗೆ, ಗಾಡಿ ರಾತ್ರಿಯೆಲ್ಲಾ ನಿಂತು ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಕ್ಯಾಪ್ ತೆಗೀರಿ. ಬಿಸಿ ಇರುವಾಗ ಖಂಡಿತ ಮುಟ್ಟಬೇಡಿ, ಒಳಗಿನ ಒತ್ತಡಕ್ಕೆ ಕುದಿಯೋ ಕೂಲೆಂಟ್ ಮುಖಕ್ಕೇ ಹಾರತ್ತೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಿನ್, ಮ್ಯಾಕ್ಸ್ ಗೆರೆ ನಡುವೆ ಇದೆ ಅಂತ ಸುಮ್ಮನಾಗಬೇಡಿ. ಕ್ಯಾಪಿನ ವಾಲ್ವ್ ಕೆಟ್ಟಿದ್ರೆ ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರತ್ತೆ. ಕೂಲೆಂಟ್ ಬಾಯಿಯವರೆಗೂ ಕಾಣ್ಬೇಕು. ಬೆರಳು ಅದ್ದಿ ನೋಡಿ: ಹಸಿರೋ ಗುಲಾಬಿಯೋ, ತಿಳಿಯಾಗಿದ್ರೆ ಸರಿ. ಕೆಮ್ಮಣ್ಣು ಕದಡಿದ ಹಾಗೆ ಬೆರಳಿಗೆ ಅಂಟಿದ್ರೆ ಒಳಗೆ ತುಕ್ಕು ಹಿಡಿದಿದೆ, ಯಾರೋ ನಲ್ಲಿ ನೀರು ಹಾಕ್ಕೊಂಡು ಬಂದಿರಬಹುದು. ನಮ್ಮೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿದಾಗ ನೋಡಿರ್ತೀರಲ್ಲ, ಅದೇ ಬಿಳಿ ಗಾರೆ ಕೋರಿನ ಸಣ್ಣ ಕೊಳವೆಗಳಲ್ಲೂ ಕಟ್ಟತ್ತೆ. ಅದಕ್ಕೇ ರೆಡಿಮಿಕ್ಸ್ ಕೂಲೆಂಟ್ ತನ್ನಿ, ಇಲ್ಲಾಂದ್ರೆ ಗಟ್ಟಿ ಕೂಲೆಂಟಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಅಂತಲೇ ಹೇಳಿ ತಗೊಳ್ಳಿ, ಆಸಿಡ್ ಕೊಟ್ಟುಬಿಟ್ಟಾರು. ಬಣ್ಣ ಒಂದೇ ಅಂತ ನಂಬಬೇಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಜಾತಿಯೇ ಇರಲಿ.

ಇನ್ನು ಗಾಳಿ ತೆಗೆಯೋದು. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಇದೆಯಲ್ಲ, ಅದರ ಬಯಲಿಗಿರೋ ತುದಿಯಲ್ಲಿ ಗಾಡಿ ಮೂತಿ ಮೇಲಕ್ಕೆ ಬರೋ ಹಾಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬೇಸ್‌ಮೆಂಟ್ ಒಳಗೆ ಮಾತ್ರ ಬೇಡ, ಹೊಗೆ ತುಂಬ್ಕೊಂಡ್ರೆ ಜೀವಕ್ಕೇ ಅಪಾಯ. ಮೂತಿ ಎತ್ತರ ಇದ್ರೆ ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಮೇಲಾಗತ್ತೆ, ಗಾಳಿ ತಾನಾಗೇ ಅಲ್ಲಿಗೆ ಬರತ್ತೆ. ಬಾಯಿಯವರೆಗೂ ತುಂಬಿಸಿ, ಎಸಿ ಆಫ್, ಹೀಟರ್ ಗುಂಡಿ ಪೂರ್ತಿ ಕೆಂಪಿಗೆ, ಬ್ಲೋವರ್ ಒಂದರಲ್ಲಿ. ಕ್ಯಾಪ್ ಇಲ್ಲದೇ ಸ್ಟಾರ್ಟ್ ಮಾಡಿ. ಗುಳ್ಳೆ ಒಂದೊಂದೇ ಎದ್ದು ಮಟ್ಟ ಇಳಿಯತ್ತೆ, ಇಳಿದಷ್ಟೂ ತುಂಬ್ತಾ ಹೋಗಿ. ಎಂಜಿನ್ ಬೆಚ್ಚಗಾಗೋ ಮುಂಚೆಯೇ ಮೇಲಿನ ದಪ್ಪ ಹೋಸನ್ನ ಬಟ್ಟೆ ಹಿಡಿದು ನಾಲ್ಕೈದು ಸಲ ಅಮುಕಿ, ಅಡಗಿದ್ದ ಗಾಳಿ ಬುಳಕ್ ಅಂತ ಬರತ್ತೆ. ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್, ತೆರೆದಾಗ ಕೂಲೆಂಟ್ ಒಂದೇ ಸಲ ಉಕ್ಕಬಹುದು, ಬಗ್ಗಿ ನೋಡ್ಬೇಡಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, ರೇಡಿಯೇಟರ್ ಫ್ಯಾನ್ ಒಂದು ಸಲ ಓಡಿ ನಿಲ್ಲೋವರೆಗೂ ಬಿಡಿ. ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಕ್ಯಾಪೇ ಇರಲ್ಲ, ಡಬ್ಬಿಗೇ ಇರತ್ತೆ, ಜೊತೆಗೆ ಗಾಳಿ ಬಿಡೋ ಪುಟ್ಟ ಸ್ಕ್ರೂ ಇರತ್ತೆ. ಅಂಥದ್ದಾದ್ರೆ ಡಬ್ಬಿಯಲ್ಲೇ ತುಂಬಿಸಿ, ಆ ಸ್ಕ್ರೂ ಸಡಿಲಿಸಿ ಗಾಳಿ ಬಿಡಿ.

ಅಕ್ಕ, ನೀನೂ ಕೇಳ್ತಿದ್ರೆ, ಮಕ್ಕಳನ್ನ ಹತ್ತಿರ ಬಿಡಬೇಡ. ಕೂಲೆಂಟ್ ವಿಷ, ಆದ್ರೆ ರುಚಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನ ಬೀದಿ ನಾಯಿ ನೆಕ್ಕಿದ್ರೆ ಸತ್ತೇ ಹೋಗತ್ತೆ, ನೀರು ಸುರಿದು ತೊಳೆದುಬಿಡಿ.

ಇಷ್ಟಾದ್ರೂ ತಣ್ಣಗೇ ಬಂದ್ರೆ ಟೆಂಪರೇಚರ್ ಮುಳ್ಳು ನೋಡಿ. ತುಮಕೂರು ರಸ್ತೆಯಲ್ಲಿ ಎಂಬತ್ತರಲ್ಲಿ ಓಡ್ತಿದ್ದಾಗ ಮುಳ್ಳು ಕೆಳಗಿಳಿದು, ಟ್ರಾಫಿಕ್ಕಲ್ಲಿ ಮಧ್ಯಕ್ಕೆ ಏರಿದ್ರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಇಲ್ಲಾಂದ್ರೆ ಯಾರೋ ಅದನ್ನ ತೆಗೆದೇ ಹಾಕಿದಾರೆ. ಗಾಡಿ ಬಿಸಿಯಾಗತ್ತೆ ಅಂತ ಅದನ್ನ ಕಿತ್ತು ಬಿಸಾಡೋ ಅಭ್ಯಾಸ ನಮ್ಮ ಕಡೆ ಇದೆ, ಅದು ತಪ್ಪು. ಎಂಜಿನ್ ಸರಿಯಾದ ಬಿಸಿಗೇ ಬರದೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಬೇಗ ಸವೆಯತ್ತೆ. ಹೊಸದು ಜೆಸಿ ರೋಡಲ್ಲಿ ಸಿಗತ್ತೆ. ಹಳೆಯದರ ಮೇಲೆ ಎಷ್ಟು ಡಿಗ್ರಿ ಅಂತ ಕೆತ್ತಿರತ್ತೆ, 82 ಅಥವಾ 88 ಥರ, ಅದೇ ಬೇಕು ಅನ್ನಿ.

ಮುಳ್ಳು ಮಧ್ಯದಲ್ಲೇ ಇದ್ದೂ ಗಾಳಿ ತಣ್ಣಗಿದ್ರೆ ಬಾನೆಟ್ ತೆಗೆದು, ಎಂಜಿನ್ ಹಿಂದಿನ ಗೋಡೆಯೊಳಗೆ ಹೋಗೋ ಎರಡು ಸಣ್ಣ ಹೋಸ್ ಮುಟ್ಟಿ ನೋಡಿ, ಫ್ಯಾನು ಬೆಲ್ಟಿನಿಂದ ಕೈ ದೂರ ಇರಲಿ. ಎರಡೂ ಸುಡ್ತಿದ್ರೆ ಕೋರ್ ಚೆನ್ನಾಗಿದೆ, ತೊಂದರೆ ಒಳಗೆ ಬಿಸಿಗಾಳಿಗೆ ದಾರಿ ಬಿಡೋ ಫ್ಲಾಪಿನದು: ಗುಂಡಿಯ ಕೇಬಲ್ ಕಳಚಿರತ್ತೆ, ಇಲ್ಲಾ ಟಿಕ್ ಟಿಕ್ ಅನ್ನೋ ಸಣ್ಣ ಮೋಟಾರ್ ಕೆಟ್ಟಿರತ್ತೆ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ರೆ ಕೋರ್ ಕಟ್ಟಿದೆ, ಅಥವಾ ಕೋರಿಗೆ ಕೂಲೆಂಟ್ ಬಿಡೋ ಹೀಟರ್ ವಾಲ್ವ್ ಇರೋ ಗಾಡಿಯಾದ್ರೆ ಆ ವಾಲ್ವ್ ಮುಚ್ಚಿದಲ್ಲೇ ಅಂಟಿದೆ. ಬೆಂಗಳೂರಲ್ಲಿ ವರ್ಷಗಟ್ಟಲೆ ಹೀಟರ್ ಗುಂಡಿ ಯಾರೂ ತಿರುಗಿಸಲ್ಲ, ವಾಲ್ವ್ ಅಂಟದೇ ಇನ್ನೇನು. ಕೋರ್ ಕಟ್ಟಿದ್ರೂ ತಕ್ಷಣ ಬದಲಾಯಿಸ್ಬೇಕಿಲ್ಲ. ಎರಡೂ ಹೋಸ್ ಕಳಚಿ, ಕೂಲೆಂಟ್ ಹೊರಬರೋ ಕಡೆಯಿಂದ ಹಿಮ್ಮುಖವಾಗಿ, ಕಮ್ಮಿ ಒತ್ತಡದಲ್ಲಿ ನೀರು ಬಿಡ್ಸಿ. ತಿಳಿ ನೀರು ಬರೋವರೆಗೂ ತೊಳೆದು, ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಯಿಸಿ. ವಾಟರ್ ವಾಶ್ ಪಂಪ್ ಹಿಡಿದ್ರೆ ಕೋರ್ ಒಡೆದೇ ಹೋಗತ್ತೆ.

ಕೋರ್ ನಿಜವಾಗ್ಲೂ ಬದಲಾಯಿಸ್ಬೇಕಾದ್ದು ಅದು ಸೋರಿದಾಗ. ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ, ಒಳಗೆ ಸಿಹಿ ವಾಸನೆ, ಗಾಜಿನ ಒಳಗಡೆ ಒರೆಸಿದ್ರೂ ಹೋಗದ ಜಿಡ್ಡು ಮಂಜು, ಇದಿದ್ರೆ ಗ್ಯಾರೇಜಿನವರ ಮಾತು ಸರಿ. ತುಂಬಿಸುವಾಗ ಅರ್ಧ ಗಂಟೆ ಆದ್ರೂ ಗುಳ್ಳೆ ನಿಲ್ಲದೆ, ಸೈಲೆನ್ಸರಲ್ಲಿ ಬಿಳಿ ಹೊಗೆಯೂ ಇದ್ರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಹೋಗಿರಬಹುದು, ಗಾಡಿ ಓಡಿಸಬೇಡಿ.

ಎಷ್ಟು ಕೂಲೆಂಟ್ ಹಿಡೀತು ಅಂತ ಅಳತೆ ಇಟ್ಟು ಗ್ರೂಪಲ್ಲಿ ಹಾಕಿ. ಮೂರು ದಿನ ಬೆಳಗ್ಗೆ ಮಟ್ಟ ನೋಡಿ. ಮತ್ತೆ ಇಳಿದಿದ್ರೆ ಎಲ್ಲೋ ಸೋರ್ತಿದೆ, ಮಡಿಕೇರಿಗೆ ಹೊರಡೋ ಮುಂಚೆ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್ ಮಾಡಿಸ್ಲೇಬೇಕು; ಹೋಸಿನ ಹೊಸ ಕ್ಲಿಪ್ಪನ್ನೇ ಮೊದಲು ನೋಡೋಕೆ ಹೇಳಿ.