ದೊಡ್ಡಮ್ಮ ಹೀಟಿಂಗ್ ಹಾಕಲ್ಲ ಅಂತಾರೆ, ವಿಂಟರ್ ಫ್ಯೂಯಲ್ ಪೇಮೆಂಟ್ ಬಗ್ಗೆ ಗೊತ್ತಿರೋರು ಹೇಳಿ ಪ್ಲೀಸ್

ಮಿಲ್ಟನ್‌ಕೀನ್ಸ್ ಹುಡುಗಿ (ನವೆಂಬರ್ 2025)

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ದೊಡ್ಡಮ್ಮ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಬ್ಬರೇ ಇದಾರೆ, 76 ವರ್ಷ. ದೊಡ್ಡಪ್ಪ 1974ರಲ್ಲಿ ಧಾರವಾಡದಿಂದ ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲೆ ಫ್ಯಾಕ್ಟರಿಲಿ ದುಡಿದೋರು, ಎರಡು ವರ್ಷದ ಹಿಂದೆ ತೀರಿಕೊಂಡ್ರು. ಇಬ್ಬರೂ ಬ್ರಿಟಿಷ್ ಸಿಟಿಜನ್ ಆಗಿ ಎಷ್ಟೋ ವರ್ಷ ಆಯ್ತು, ಮನೆ ಸ್ವಂತದ್ದು, ಮಕ್ಕಳಿಲ್ಲ. ಎರಡು ವಾರಕ್ಕೊಮ್ಮೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ.

ಹೋದ ಭಾನುವಾರ ಹೋಗಿದ್ದೆ, ಒಳಗೆ ಕಾಲಿಟ್ರೆ ರಸ್ತೆಗಿಂತ ಮನೆಯೊಳಗೇ ಚಳಿ. ಟಿವಿ ಪಕ್ಕ ನಾನೇ ಹೋದ ವರ್ಷ ತಂದಿಟ್ಟಿದ್ದ ಥರ್ಮಾಮೀಟರ್ ನೋಡಿದ್ರೆ 13 ಡಿಗ್ರಿ. ರೇಡಿಯೇಟರ್‌ದು ಎಲ್ಲಾ ವಾಲ್ವ್ ತಿರುಗಿಸಿ ಹಿಮದ ಹೂವಿನ ಗುರುತಿಗೆ ಇಟ್ಟಿದಾರೆ, ಅವರು ಕೂರೋ ರೂಮ್ ಒಂದರಲ್ಲಿ ಮಾತ್ರ 2ಕ್ಕೆ, ಅದೂ ಸಂಜೆ ಎರಡೇ ಗಂಟೆ. ಊರಿಂದ ತಂದ ಕೌದಿ ಹೊದ್ಕೊಂಡು, ತಲೆಗೆ ಉಣ್ಣೆ ಟೋಪಿ ಹಾಕ್ಕೊಂಡು ಕೂತಿದ್ರು. ಬೆಳಿಗ್ಗೆ ಒಂದ್ಸಲ ನೀರು ಕಾಯಿಸಿ ಫ್ಲಾಸ್ಕ್‌ಗೆ ತುಂಬಿಟ್ಟು ಇಡೀ ದಿನ ಅದರಲ್ಲೇ ಚಹಾ. ಹೋದ ವರ್ಷ ಜನವರಿಲಿ ಎದೆ ಇನ್ಫೆಕ್ಷನ್ ಆಗಿ ನಾಲ್ಕು ದಿನ ಆಸ್ಪತ್ರೆಲಿದ್ರು, ಆವಾಗಿಂದ ನನಗೆ ರಾತ್ರಿ ನಿದ್ದೆ ಬರಲ್ಲ ಅವರನ್ನ ನೆನೆಸ್ಕೊಂಡ್ರೆ.

ಈಗ ವಿಷಯ ಏನಂದ್ರೆ ಅವರಿಗೆ ವಿಂಟರ್ ಫ್ಯೂಯಲ್ ಪೇಮೆಂಟ್ (ಚಳಿಗಾಲದ ಹೀಟಿಂಗ್ ಖರ್ಚಿಗೆ ಸರ್ಕಾರ ವಯಸ್ಸಾದೋರಿಗೆ ಕೊಡೋ ದುಡ್ಡು) 200 ಪೌಂಡ್ ಬರುತ್ತೆ ಅಂತ ಲೆಟರ್ ಬಂದಿದೆ. ಹೋದ ವರ್ಷ ಒಂದು ಪೆನ್ನಿಯೂ ಬರ್ಲಿಲ್ಲ. ಈ ಸಲ ಬಂದ್ರೂ "ಸರಕಾರದ ರೊಕ್ಕ ನಮಗ್ಯಾಕ ಬೇಕವಾ, ಇಲ್ಲದವರಿಗೆ ಹೋಗ್ಲಿ, ನನಗ ಈ ಕೌದಿ ಸಾಕು" ಅಂತಾರೆ. ಬ್ಯಾಂಕಿಗೆ ಬಿದ್ರೂ ಮುಟ್ಟಲ್ವಂತೆ, ಯಾವಾಗ ವಾಪಸ್ ಕೇಳ್ತಾರೋ ಅನ್ನೋ ಭಯ. ಇದರ ಮಧ್ಯೆ ಫೋನಿಗೆ ಒಂದು ಮೆಸೇಜ್ ಬಂದಿದೆ, ಹೀಟಿಂಗ್ ಸಬ್ಸಿಡಿಗೆ ಕೂಡಲೇ ಈ ಲಿಂಕ್‌ನಲ್ಲಿ ಅರ್ಜಿ ಹಾಕಿ ಅಂತ. ಅದು ನಿಜವಾ? ಇನ್ನೊಂದು, ಪೆನ್ಶನ್ ಕ್ರೆಡಿಟ್ ಅಂತಾರಲ್ಲ, ಆದಾಯ ಕಡಿಮೆ ಇರೋ ಹಿರಿಯರಿಗೆ ಸರ್ಕಾರ ತುಂಬಿಕೊಡೋ ದುಡ್ಡು, ಅದು ಇವರಿಗೆ ಸಿಗುತ್ತಾ? ಸರ್ಕಾರ ಕೊಡೋ ಸ್ಟೇಟ್ ಪೆನ್ಶನ್ ವಾರಕ್ಕೆ 176.45 ಪೌಂಡ್, ದೊಡ್ಡಪ್ಪನ ಫ್ಯಾಕ್ಟರಿ ಪೆನ್ಶನ್‌ನಲ್ಲಿ ಇವರ ಪಾಲು 28.55, ಎರಡೂ ಸೇರಿ 205. ಬ್ಯಾಂಕಲ್ಲಿ 13,000 ಇದೆ, ಅದನ್ನ ಕೊನೆಗಾಲಕ್ಕೆ ಅಂತ ಇಟ್ಕೊಂಡಿದಾರೆ, ಅದರ ಮಾತೆತ್ತಿದ್ರೆ ಅಳ್ತಾರೆ.

ಕಾವೆಂಟ್ರಿ ಅಕ್ಕ

ಮೊದಲು ಆ ಮೆಸೇಜ್ ಡಿಲೀಟ್ ಮಾಡಿಸಿ ತಂಗಿ, ಲಿಂಕ್ ಒತ್ಲೇಬೇಡಿ. ಅದು ಮೋಸ. ವಿಂಟರ್ ಫ್ಯೂಯಲ್‌ಗೆ ಸ್ಟೇಟ್ ಪೆನ್ಶನ್ ತಗೊಳ್ಳೋರು ಅರ್ಜಿ ಹಾಕೋದೇ ಬೇಡ, ತಾನಾಗೇ ಬರುತ್ತೆ, ಪೆನ್ಶನ್ ಬೀಳೋ ಅಕೌಂಟಿಗೇ ಬೀಳುತ್ತೆ. ಮೆಸೇಜ್ ಕಳಿಸಿ ಬ್ಯಾಂಕ್ ಡೀಟೇಲ್ಸ್ ಕೇಳಲ್ಲ ಅವರು. ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಅವರ ನ್ಯಾಷನಲ್ ಇನ್ಶೂರೆನ್ಸ್ (ಪೆನ್ಶನ್ ಥರದ್ದಕ್ಕೆ ಸಂಬಳದಿಂದ ಕಟ್ಟೋ ಸರ್ಕಾರಿ ವಿಮೆ) ನಂಬರ್, ಅದರ ಮುಂದೆ ಡಿಡಬ್ಲ್ಯೂಪಿ ಡಬ್ಲ್ಯೂಎಫ್‌ಪಿ (ಪೆನ್ಶನ್ ಕೊಡೋ ಇಲಾಖೆ ಮತ್ತೆ ಈ ಪೇಮೆಂಟಿನ ಚಿಕ್ಕ ಹೆಸರು) ಅಂತ ಬಂದ್ರೆ ಅದೇ ಇದು, ನವೆಂಬರ್ ಡಿಸೆಂಬರ್ ಒಳಗೆ ಬರುತ್ತೆ.

ನಾನು ಹದಿನಾಲ್ಕು ವರ್ಷದಿಂದ ಇಲ್ಲಿ ಹಿರಿಯರಿಗೆ ಫಾರ್ಮ್ ತುಂಬಿಕೊಡೋ ಕೆಲಸ ಮಾಡ್ತಿದೀನಿ, ಸಂಬಳ ಇಲ್ಲ, ಮನಸ್ಸಿಗೆ ಸಮಾಧಾನ ಅಷ್ಟೇ. ಹೋದ ವರ್ಷ ಯಾಕೆ ಬರ್ಲಿಲ್ಲ ಅಂದ್ರೆ, 1997ರಿಂದ ವಯಸ್ಸಾದ ಎಲ್ಲರಿಗೂ ಕೊಡ್ತಿದ್ದಿದ್ದನ್ನ 2024ರ ಜುಲೈನಲ್ಲಿ ಚಾನ್ಸೆಲರ್ (ಹಣಕಾಸು ಮಂತ್ರಿ) ರೇಚಲ್ ರೀವ್ಸ್ ನಿಲ್ಲಿಸಿ, ಪೆನ್ಶನ್ ಕ್ರೆಡಿಟ್ ಥರದ್ದು ತಗೊಳ್ಳೋರಿಗೆ ಮಾತ್ರ ಅಂದ್ರು. ಒಂದೇ ಏಟಿಗೆ ಕೋಟಿ ಮೇಲಿದ್ದ ಜನರ ಲೆಕ್ಕ ಸುಮಾರು 15 ಲಕ್ಷಕ್ಕೆ ಇಳೀತು. ಆಮೇಲೆ ಜನ ರೊಚ್ಚಿಗೆದ್ದ ಮೇಲೆ 2025ರ ಜೂನ್‌ನಲ್ಲಿ ವಾಪಸ್ ತಂದ್ರು. ಈ ಚಳಿಗಾಲದ (2025-26) ನಿಯಮ ಏನಂದ್ರೆ 1959ರ ಸೆಪ್ಟೆಂಬರ್ 22ಕ್ಕಿಂತ ಮುಂಚೆ ಹುಟ್ಟಿದ ಎಲ್ಲರಿಗೂ ಬರುತ್ತೆ, ಆದ್ರೆ ವರ್ಷಕ್ಕೆ 35,000ಕ್ಕಿಂತ ಜಾಸ್ತಿ ಆದಾಯ ಇರೋರ ಹತ್ರ ಟ್ಯಾಕ್ಸ್‌ನೋರು ಹಿಂದಕ್ಕೆ ತಗೋತಾರೆ. ದೊಡ್ಡಮ್ಮಂದು ವರ್ಷಕ್ಕೆ 10,600 ಚಿಲ್ಲರೆ. ಯಾರೂ ವಾಪಸ್ ಕೇಳಲ್ಲ, ಇದನ್ನ ಅವರಿಗೆ ಎದುರಿಗೆ ಕೂತು ಹೇಳಿ.

ಈಗ ನನಗೆ ನಿಜವಾಗ್ಲೂ ಹೊಟ್ಟೆ ಉರೀತಿರೋ ವಿಷಯಕ್ಕೆ ಬರ್ತೀನಿ. ಅವರಿಗೆ ಪೆನ್ಶನ್ ಕ್ರೆಡಿಟ್ ಸಿಗಬೇಕಿತ್ತು, ಎರಡು ವರ್ಷದಿಂದ ಸಿಗಬೇಕಿತ್ತು ಅನ್ಸುತ್ತೆ. ಒಬ್ಬರೇ ಇರೋರಿಗೆ ಈ ವರ್ಷ (2025-26) ವಾರಕ್ಕೆ 227.10 ಪೌಂಡ್ ಆಗೋ ತನಕ ತುಂಬಿಕೊಡ್ತಾರೆ. ಉಳಿತಾಯದಲ್ಲಿ ಮೊದಲ 10,000 ಲೆಕ್ಕಕ್ಕಿಲ್ಲ, ಅದರ ಮೇಲಿನ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯ ಇದೆ ಅಂತ ಹಿಡೀತಾರೆ. ಇವರದು 13,000, ಅಂದ್ರೆ 6 ಪೌಂಡ್. 205ಕ್ಕೆ 6 ಸೇರಿಸಿ 211. 227.10ರಲ್ಲಿ 211 ಕಳೆದ್ರೆ ವಾರಕ್ಕೆ 16.10, ವರ್ಷಕ್ಕೆ 837 ಪೌಂಡ್. ಕೊನೆಗಾಲಕ್ಕೆ ಇಟ್ಟ ದುಡ್ಡನ್ನ ಯಾರೂ ಮುಟ್ಟೋದೂ ಇಲ್ಲ, ಖರ್ಚು ಮಾಡಿ ಬನ್ನಿ ಅಂತ ಹೇಳೋದೂ ಇಲ್ಲ. ಅರ್ಜಿ ಹಾಕಿದ ದಿನದಿಂದ ಮೂರು ತಿಂಗಳು ಹಿಂದಕ್ಕೂ ಕೇಳಬಹುದು, ಅದನ್ನ ಅರ್ಜಿಲಿ ಹೇಳೋದು ಮರೀಬೇಡಿ.

ಅದು ಸಿಕ್ರೆ ಅದರ ಬೆನ್ನಿಗೇ ಬೇರೆ ಬಾಗಿಲುಗಳು ತೆರೆಯುತ್ವೆ. ಏಳು ದಿನ ಒಂದೇ ಸಮ ಸರಾಸರಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ರೆ ಕೋಲ್ಡ್ ವೆದರ್ ಪೇಮೆಂಟ್ 25 ಪೌಂಡ್ ತಾನಾಗೇ ಬೀಳುತ್ತೆ, ನವೆಂಬರ್‌ನಿಂದ ಮಾರ್ಚ್ ತನಕ. 75 ದಾಟಿರೋದ್ರಿಂದ ಟಿವಿ ನೋಡೋಕೆ ವರ್ಷವರ್ಷ ಕಟ್ಟೋ ಟಿವಿ ಲೈಸೆನ್ಸ್ ಫ್ರೀ. ಹಲ್ಲಿನ ಚಿಕಿತ್ಸೆ ಫ್ರೀ, ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಕಮ್ಮಿ ಆಗುತ್ತೆ. ಕರೆಂಟ್ ಬಿಲ್‌ನಲ್ಲಿ 150 ಪೌಂಡ್ ವಾರ್ಮ್ ಹೋಮ್ ಡಿಸ್ಕೌಂಟ್ ಕೂಡ ಇದೆ. ಒಂದು ವಿಷಯ ನೋಡಿ ಹೇಳಿ, ಬಿಲ್ ಯಾರ ಹೆಸರಲ್ಲಿದೆ?

ಮಿಲ್ಟನ್‌ಕೀನ್ಸ್ ಹುಡುಗಿ

ಅಕ್ಕಾ ಕಣ್ಣಲ್ಲಿ ನೀರು ಬಂತು. ಬಿಲ್ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಇದೆ, ಗ್ಯಾಸ್ ಕರೆಂಟ್ ಎರಡೂ. ಬದಲಾಯಿಸಿ ಅಂದಿದ್ದಕ್ಕೆ "ಇರಲಿ ಬಿಡವಾ, ಮನಿಗೆ ಅವರ ಹೆಸರಲೆ ಒಂದಾದ್ರೂ ಕಾಗದ ಬರ್ತೈತಿ" ಅಂದಿದ್ರು, ಆಮೇಲೆ ನನಗೂ ಒತ್ತಾಯ ಮಾಡೋಕೆ ಮನಸ್ಸಾಗ್ಲಿಲ್ಲ.

ಕಾವೆಂಟ್ರಿ ಅಕ್ಕ

ಅರ್ಥ ಆಗುತ್ತೆ ತಂಗಿ, ತುಂಬಾ ಮನೆಗಳಲ್ಲಿ ನೋಡಿದೀನಿ ಇದನ್ನ. ಆದ್ರೆ ಆ 150 ಪೌಂಡ್ ಬರಬೇಕಂದ್ರೆ ಕ್ರೆಡಿಟ್ ತಗೊಳ್ಳೋರ ಹೆಸರು ಕರೆಂಟ್ ಬಿಲ್ ಮೇಲೆ ಇರಲೇಬೇಕು. ಈ ವರ್ಷದ್ದಕ್ಕೆ ಆಗಸ್ಟ್ 24ರ ದಿನದ ಲೆಕ್ಕ, ಅದು ದಾಟಿಹೋಯ್ತು. ಮುಂದಿನ ಚಳಿಗಾಲಕ್ಕಾದ್ರೂ ಸಿಗಲಿ, ಈಗಲೇ ಬದಲಾಯಿಸಿ. ಹಳೇ ಬಿಲ್‌ಗಳನ್ನ ಒಂದು ಫೈಲ್‌ಗೆ ಹಾಕಿ ಅವರ ಹತ್ರನೇ ಇಟ್ಟುಕೊಳ್ಳೋಕೆ ಹೇಳಿ, ಅದನ್ನ ಯಾರೂ ಕಿತ್ತುಕೊಳ್ಳಲ್ಲ. ಕಂಪನಿಗೆ ಫೋನ್ ಮಾಡಿದಾಗ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ಗೂ ಸೇರಿಸಿ ಅಂತ ಹೇಳಿ, ದುಡ್ಡು ಕೊಡೋದೇನಿಲ್ಲ, ಪವರ್ ಹೋದಾಗ ವಯಸ್ಸಾದೋರನ್ನ ಮೊದಲು ವಿಚಾರಿಸ್ತಾರೆ.

ಸ್ವಾನ್ಸೀ ರಿಟೈರ್ಡ್ ಡಾಕ್ಟರ್

ನೋಡಮ್ಮ, ನಾನು ಮೂವತ್ತಾರು ವರ್ಷ ಜಿಪಿ (ಫ್ಯಾಮಿಲಿ ಡಾಕ್ಟರ್) ಆಗಿದ್ದೆ. 13 ಡಿಗ್ರಿ ಅಂತ ಓದಿದ ಕೂಡಲೇ ಉಳಿದಿದ್ದೆಲ್ಲ ಬಿಟ್ಟು ಇದನ್ನ ಬರೀತಿದೀನಿ. ವಯಸ್ಸಾದೋರು ಕೂರೋ ಮಲಗೋ ಕೋಣೆ ಕಡಿಮೆ ಅಂದ್ರೆ 18 ಡಿಗ್ರಿ ಇರಬೇಕು ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತೆ. ಮೈ ತಣ್ಣಗಾದ್ರೆ ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ, ರಕ್ತ ಸ್ವಲ್ಪ ಗಟ್ಟಿಯಾಗುತ್ತೆ, ಆಮೇಲೆ ಹಾರ್ಟ್ ಅಟ್ಯಾಕು ಸ್ಟ್ರೋಕು. ಎದೆ ಇನ್ಫೆಕ್ಷನ್ ಅದರ ಹಿಂದೇ ಬರುತ್ತೆ. ನನ್ನ ಕ್ಲಿನಿಕ್ಕಿಗೆ ಬರ್ತಿದ್ದ ಒಬ್ಬ ಅಜ್ಜಿ, ಕೋಟು ಬಿಚ್ಚದೇ ಕೂರೋರು, ಕೈ ಹಿಡಿದ್ರೆ ಐಸ್. ಮನೇಲಿ ಹೇಗಿರ್ತೀರಿ ಅಂತ ನಾನು ಕೇಳೋಕೆ ಮೂರು ವರ್ಷ ತಗೊಂಡೆ. ಅದಕ್ಕೇ ನಿಮಗೆ ಹೇಳ್ತಿದೀನಿ, ಕೌದಿ ಮೈಗೆ ಸಾಕು, ಅವರು ಉಸಿರಾಡೋದು ಮಾತ್ರ ಆ 13 ಡಿಗ್ರಿ ಗಾಳಿನೇ. ಒಂದು ಸಲ ಎದೆಗೆ ಬಂದೋರಿಗೆ ಇದು ಇನ್ನೂ ಅಪಾಯ. ಫ್ಲೂ ಲಸಿಕೆ ಆಗಿದೆಯಾ ಅಂತಾನೂ ವಿಚಾರಿಸಿ.

ಈ ದುಡ್ಡು ದಾನ ಅಲ್ಲ. ನಿಮ್ಮ ದೊಡ್ಡಪ್ಪ ಮೂವತ್ತು ವರ್ಷ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದಾರೆ, ಟ್ಯಾಕ್ಸ್ ಕಟ್ಟಿದಾರೆ. ನನ್ನದೇ ಹೇಳ್ತೀನಿ, ನನ್ನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಪೆನ್ಶನ್ ಸೇರಿ 35,000 ದಾಟುತ್ತೆ, ಆದ್ರಿಂದ ನನ್ನ ಪಾಲಿನ 100 ಪೌಂಡ್ ಮುಂದಿನ ವರ್ಷದ ಟ್ಯಾಕ್ಸ್ ಕೋಡ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ವಾಪಸ್ ಹೋಗುತ್ತೆ, ಅದು ಸರಿಯಾಗೇ ಇದೆ, ನನಗೆ ಬೇಸರ ಇಲ್ಲ. ನನ್ನ ಹೆಂಡತಿ ಆದಾಯ ಕಡಿಮೆ, ಅವಳ 100 ಅವಳಿಗೇ ಉಳಿಯುತ್ತೆ, ಯಾಕಂದ್ರೆ ಗಂಡ ಹೆಂಡತಿ ಆದಾಯ ಕೂಡಿಸಿ ನೋಡಲ್ಲ, ಒಬ್ಬೊಬ್ಬರದೂ ಬೇರೆ. ಇದು ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಇರೋರ ಹತ್ರ ವಾಪಸ್ ತಗೊಳ್ಳೋ ವ್ಯವಸ್ಥೆ ಅಲ್ಲೇ ಇದೆ, ನಿಮ್ಮ ದೊಡ್ಡಮ್ಮ ಬಿಟ್ಟುಕೊಟ್ಟ 200 ಯಾವ ಬಡವರ ಮನೆಗೂ ಹೋಗಲ್ಲ, ಇದನ್ನ ಹೀಗೇ ಹೇಳಿ ಅವರಿಗೆ.

ಗ್ಲಾಸ್ಗೋ ಕನ್ನಡಿಗ

ಸ್ಕಾಟ್ಲೆಂಡ್‌ನಲ್ಲಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಮಗೆ ಬೇರೆ ಸ್ಕೀಮು, ಕನ್ಫ್ಯೂಸ್ ಆಗ್ಬೇಡಿ. ಪೆನ್ಶನ್ ಏಜ್ ವಿಂಟರ್ ಹೀಟಿಂಗ್ ಪೇಮೆಂಟ್ ಅಂತ, ಸೋಷಿಯಲ್ ಸೆಕ್ಯುರಿಟಿ ಸ್ಕಾಟ್ಲೆಂಡ್ ಕೊಡುತ್ತೆ, ಈ ವರ್ಷ ಒಬ್ಬರೇ ಇದ್ರೆ 203.40, 80 ದಾಟಿದ್ರೆ 305.10. ಕೋಲ್ಡ್ ವೆದರ್ 25 ಪೌಂಡ್ ಇಲ್ಲಿಲ್ಲ, ಬದಲಿಗೆ ಪೆನ್ಶನ್ ಕ್ರೆಡಿಟ್ ಇರೋರಿಗೆ ಚಳಿ ಎಷ್ಟಿದ್ರೂ ವರ್ಷಕ್ಕೊಮ್ಮೆ 59.75 ಬರುತ್ತೆ. 35,000ದ ನಿಯಮ ಇಲ್ಲೂ ಅದೇ.

ಇನ್ನೊಂದು ಮಾತು, ಅಪ್ಪ ಅಮ್ಮನ್ನ ಊರಿಂದ ಡಿಪೆಂಡೆಂಟ್ ವೀಸಾದಲ್ಲಿ ಕರೆಸಿಕೊಂಡಿರೋರು ಪೆನ್ಶನ್ ಕ್ರೆಡಿಟ್‌ಗೆ ದಯವಿಟ್ಟು ಕೈ ಹಾಕ್ಬೇಡಿ, ಅಂಥ ಎಷ್ಟೋ ವೀಸಾಗಳಿಗೆ ಪಬ್ಲಿಕ್ ಫಂಡ್ಸ್, ಅಂದ್ರೆ ಸರ್ಕಾರದ ಭತ್ಯೆ, ತಗೊಳ್ಳೋ ಹಾಗಿಲ್ಲ ಅಂತ ಷರತ್ತಿರುತ್ತೆ, ಮುಂದೆ ವೀಸಾಗೇ ತೊಂದರೆ ಆಗಬಹುದು. ಸಿಟಿಜನ್ ಆದೋರದು ಬೇರೆ ವಿಷಯ.

ಹುಬ್ಬಳ್ಳಿಗೆ ವಾಪಸ್ ಬಂದಾಂವ

ನಾನೂ ಇಪ್ಪತ್ತೆಂಟು ವರ್ಷ ಬರ್ಮಿಂಗ್‌ಹ್ಯಾಮ್ ಕಡೆ ಇದ್ದು ಈಗ ಊರಿಗೆ ಬಂದೇನ್ರಿ. ತಂಗಿ, ನಿಮ್ಮ ದೊಡ್ಡವ್ವಗ ಊರಿಗೆ ಬಂದುಬಿಡ್ರಿ ಅಂತ ಯಾರರೆ ಹೇಳ್ತಿದ್ರ ಒಂದು ಮಾತು ನೆನಪಿಡ್ರಿ. ಇಂಡಿಯಾದಾಗ ಇದ್ರ ವಿಂಟರ್ ಫ್ಯೂಯಲ್ ಇಲ್ಲ, ಪೆನ್ಶನ್ ಕ್ರೆಡಿಟ್ ಇಲ್ಲ, ಸ್ಟೇಟ್ ಪೆನ್ಶನ್ ಬರ್ತೈತಿ ಖರೆ, ಆದ್ರ ಬಂದ ದಿನ ಎಷ್ಟಿತ್ತೋ ಅಷ್ಟಕ್ಕ ನಿಂತುಬಿಡ್ತೈತಿ. ಅಲ್ಲಿ ಇದ್ದವರಿಗೆ ಪ್ರತಿ ಏಪ್ರಿಲ್ ಏರಿಸ್ತಾರ, ನಮಗ ಏರಿಸೂದಿಲ್ಲ. ಚಳಿ ಅಂಜಿಕಿಗೆ ಬಂದೆ ನಾ, ಮೊಣಕಾಲಿಗೆ ಛಲೋ ಆತು, ಆದ್ರ ರೊಕ್ಕದ ಲೆಕ್ಕ ಮೊದಲ ಮಾಡಿಕೊಂಡು ಬರಬೇಕಿತ್ತು.

ಅವರ ಮೊಣಕಾಲು ಹೆಂಗದಾವ? ಸ್ನಾನ ಮಾಡಾಕ, ಬಟ್ಟಿ ಹಾಕ್ಕೊಳ್ಳಾಕ ಯಾರದರೆ ಆಸರಾ ಬೇಕಾಗ್ತಿದ್ರ ಅಟೆಂಡೆನ್ಸ್ ಅಲವೆನ್ಸ್ ಅಂತ ಬ್ಯಾರೆ ಐತಿ, ಈ ವರ್ಷ (2025-26) ಕಡಿಮಿ ರೇಟ್ ವಾರಕ್ಕ 73.90. ಅದಕ್ಕ ಉಳಿತಾಯ ಎಷ್ಟೈತಿ ಅಂತ ಕೇಳೂದಿಲ್ಲ. ಫಾರ್ಮ್ ಉದ್ದ ಐತ್ರಿ, ಏಜ್ ಯುಕೆ ಅನ್ನೂ ಹಿರಿಯರ ಸೇವಾ ಸಂಸ್ಥೆಯ ಮಂದಿ ಕೂತು ತುಂಬಿಸಿಕೊಡ್ತಾರ.

ಮಿಲ್ಟನ್‌ಕೀನ್ಸ್ ಹುಡುಗಿ (ಒಂದು ವಾರ ಆದ್ಮೇಲೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಒಂದು ದಿನ ರಜಾ ಸೇರಿಸ್ಕೊಂಡು ಲೆಸ್ಟರ್‌ಗೆ ಹೋದೆ. ಡಾಕ್ಟರ್ ಅಂಕಲ್ ಬರೆದಿದ್ದನ್ನ ಅಡುಗೆಮನೆಲಿ ಕೂತು ಜೋರಾಗಿ ಓದಿ ಹೇಳ್ದೆ, ದೊಡ್ಡಮ್ಮ ಬಟಾಣಿ ಬಿಡಿಸ್ತಾ ಕೇಳ್ತಿದ್ರು, ಏನೂ ಮಾತಾಡ್ಲಿಲ್ಲ. ನೀವು ಬಿಟ್ಟ ದುಡ್ಡು ಯಾವ ಬಡವರಿಗೂ ಹೋಗಲ್ಲ ಅನ್ನೋ ಜಾಗ ಬಂದಾಗ ಕೈ ನಿಲ್ಲಿಸಿ, "ಮತ್ತ ಎಲ್ಲಿ ಹೋಗ್ತದ ಅದು" ಅಂದ್ರು. ಸರ್ಕಾರದ ಖಜಾನೆಲೇ ಉಳಿಯುತ್ತೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು "ಫಾರ್ಮ್ ತುಂಬು ಹಂಗಾರ" ಅಂದ್ರು.

ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಪೆನ್ಶನ್ ಕ್ರೆಡಿಟ್‌ಗೆ ಫೋನ್ ಮಾಡಿದ್ವಿ, ಮುಕ್ಕಾಲು ಗಂಟೆ ಹಿಡೀತು, ಮೂರು ತಿಂಗಳು ಹಿಂದಿನದೂ ಕೇಳಿದೀನಿ. ಬ್ಯಾಂಕ್ ಪುಸ್ತಕದ 13,000 ಹೇಳೋವಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ಕರೆಂಟ್ ಗ್ಯಾಸ್ ಹೆಸರು ಬದಲಾಯ್ತು, ದೊಡ್ಡಪ್ಪನ ಹೆಸರಿನ ಕೊನೇ ಬಿಲ್‌ನ ಅವರೇ ಮಡಿಸಿ ಪೂಜೆ ರೂಮಿನ ಡ್ರಾದಲ್ಲಿಟ್ರು. ಫ್ಲೂ ಇಂಜೆಕ್ಷನ್ ಆಗಿರ್ಲಿಲ್ಲ, ಗುರುವಾರಕ್ಕೆ ಬುಕ್ ಮಾಡಿದೀನಿ. ಮೊಣಕಾಲಿಗೆ ಇನ್ನೂ ಒಪ್ತಿಲ್ಲ, ಸ್ನಾನ ನಾನೇ ಮಾಡ್ಕೋತೀನಿ ಅಂತಾರೆ, ಟಬ್ ದಾಟೋವಾಗ ಬಾಗಿಲ ಹಿಡಿ ಹಿಡ್ಕೊಂಡು ಜೋತು ಬೀಳೋದನ್ನ ನಾನೇ ನೋಡಿದೀನಿ, ಅದಕ್ಕೆ ಇನ್ನೊಂದ್ಸಲ ಕೂತು ಮಾತಾಡ್ಬೇಕು.

ವಾಲ್ವ್ ಎಲ್ಲಾ 3ಕ್ಕೆ ತಿರುಗಿಸಿ ಬಂದೆ. ನಿನ್ನೆ ರಾತ್ರಿ ಫೋನ್ ಮಾಡಿ ಥರ್ಮಾಮೀಟರ್ ಎಷ್ಟು ತೋರಿಸ್ತಿದೆ ಅಂತ ಕೇಳ್ದೆ, ಕನ್ನಡಕ ಹುಡುಕಿ ಹೋಗಿ ನೋಡ್ಕೊಂಡು ಬಂದು "ಹದಿನೇಳೂವರಿ" ಅಂದ್ರು. ಇನ್ನರ್ಧ ಅಂದೆ.